ಚುಕ್ಕೆಯೊಳಗಿನ ಮನುಷ್ಯ

ಮನುಷ್ಯರನ್ನು ದೂರದಿಂದ ನೋಡುವುದು ತಪ್ಪೇ? ಪ್ರಶ್ನೆ ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಹತ್ತಿರದಿಂದ ನೋಡುವುದು ಪ್ರೀತಿ, ದೂರದಿಂದ ನೋಡುವುದು ಉದಾಸೀನ ಎಂದು ನಾವೆಲ್ಲ ಸಾಮಾನ್ಯವಾಗಿ ನಂಬಿರುತ್ತೇವೆ. ಊರು ಬಿಟ್ಟು ಸಾವಿರಾರು ಮೈಲಿ ದೂರದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಈ ಮಾತು ಸ್ವಲ್ಪ ಹೆಚ್ಚೇ ಚುಚ್ಚುತ್ತದೆ. ಆದರೆ ದೂರ ನಿಂತಾಗ ಮಾತ್ರ ಕಾಣುವ ಸತ್ಯಗಳೂ ಕೆಲವಿವೆ. ಹಾಗೆ ಕಂಡದ್ದನ್ನು ನಾವು ಏನು ಮಾಡುತ್ತೇವೆ ಎಂಬಲ್ಲಿ ಧರ್ಮಾಧರ್ಮದ ವಿಚಾರ ಬರುತ್ತದೆ.

ನಮ್ಮ ಸಂಘದ ಹಿರಿಯರೊಬ್ಬರು ಭೂಗೋಳದ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದವರು. ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುವುದು. ಅವರಿಗೆ ಮೂರು ಹವ್ಯಾಸಗಳು: ಹಳೆಯ ನಕ್ಷೆಗಳು, ಜನಗಣತಿಯ ಅಂಕಿಅಂಶಗಳು, ಬೆಟ್ಟ ಕಣಿವೆಗಳ ಛಾಯಾಚಿತ್ರಗಳು. "ಮೇಷ್ಟ್ರೇ, ಮೂರರಲ್ಲೂ ಒಂದು ಮನುಷ್ಯಮುಖ ಕಾಣುವುದಿಲ್ಲವಲ್ಲ" ಎಂದು ಗೆಳೆಯರು ಅವರನ್ನು ಚುಡಾಯಿಸುವುದುಂಟು. ಅದಕ್ಕೆ ಅವರ ಉತ್ತರ ಒಂದೇ: "ಮುಖ ಇಲ್ಲ ಅಂತ ಯಾರು ಹೇಳಿದ್ದು? ನೀವು ಹುಡುಕಿಲ್ಲ ಅಷ್ಟೆ." ಈ ಉತ್ತರದ ಜಾಡು ಹಿಡಿದು ಸ್ವಲ್ಪ ದೂರ ಹೋಗಿ ನೋಡೋಣ.

ವೈದ್ಯಕೀಯ ಓದಿದವರಿಗೆಲ್ಲ ಜಾನ್ ಸ್ನೋ ಅವರ ಕಥೆ ಗೊತ್ತು. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಹೊತ್ತಿಕೊಂಡಿತು. ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆಗಿನ ದೊಡ್ಡ ದೊಡ್ಡ ವೈದ್ಯರು ನಂಬಿದ್ದರು. ಡಾಕ್ಟರ್ ಸ್ನೋ ಅವರಿಗೆ ಮಾತ್ರ ಕುಡಿಯುವ ನೀರಿನ ಮೇಲೆ ಅನುಮಾನ. ಮುಂದೆ ಅವರು ಆ ಬಡಾವಣೆಯ ನಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಒಂದೊಂದು ಸಾವಿಗೂ ಆಯಾ ಮನೆಯ ಎದುರು ಒಂದೊಂದು ಪುಟ್ಟ ಕಪ್ಪು ಗೆರೆ. ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ಸುತ್ತ ಆ ಗೆರೆಗಳು ಒತ್ತೊತ್ತಾಗಿ ನಿಂತಿವೆ.

ಆ ನಕ್ಷೆಯೇ ರೋಗವನ್ನು ನಿಲ್ಲಿಸಿತು ಎಂದು ಹೇಳುವ ವಾಡಿಕೆ ಇದೆ. ನಡೆದದ್ದು ಹಾಗಲ್ಲ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿದಾಗ ನಕ್ಷೆ ಇನ್ನೂ ಪ್ರಕಟವಾಗಿರಲಿಲ್ಲ. ರೋಗವೂ ಅಷ್ಟು ಹೊತ್ತಿಗೆ ಇಳಿಮುಖವಾಗಿತ್ತೆಂದು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ. ಅವರ ನಿಜವಾದ ಕೆಲಸ ಮನೆಮನೆಯ ಬಾಗಿಲು ತಟ್ಟಿ ಕೇಳಿದ್ದು. ಪಂಪಿಗೆ ಹತ್ತಿರದಲ್ಲೇ ಇದ್ದ ಅನಾಥಾಲಯದಂಥ ಬಡವರ ವಸತಿಯಲ್ಲಿ 535 ಜನರಿದ್ದರೂ ಸತ್ತವರು ಐದೇ ಮಂದಿ. ಅಲ್ಲಿ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರು ಪಂಪಿನ ನೀರು ಮುಟ್ಟುತ್ತಿರಲಿಲ್ಲ, ಬದುಕಿಕೊಂಡರು. ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಮಾತ್ರ ಒಬ್ಬ ವಿಧವೆ ಕಾಲರಾದಿಂದ ಸತ್ತರು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಹಿಂದೆ ಬ್ರಾಡ್ ಸ್ಟ್ರೀಟ್ ಬಳಿ ವಾಸವಾಗಿದ್ದ ಆಕೆಗೆ ಆ ನೀರಿನ ರುಚಿಯೇ ಬೇಕಾಗಿತ್ತು, ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. ಬಿಟ್ಟು ಬಂದ ಊರಿನ ನೀರಿನ ರುಚಿಗೆ ಹಂಬಲಿಸುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಆ ಬಡಾವಣೆಯ ಪಾದ್ರಿ ಹೆನ್ರಿ ವೈಟ್‌ಹೆಡ್ ಸ್ನೋ ಅವರ ವಾದವನ್ನು ಸುಳ್ಳು ಮಾಡಲೆಂದೇ ವಿಚಾರಣೆಗೆ ಹೊರಟರು. ಅಲ್ಲಿನ ಜನರನ್ನೆಲ್ಲ ಹೆಸರು ಹಿಡಿದು ಬಲ್ಲವರು ಅವರು. ಕೊನೆಗೆ ಬ್ರಾಡ್ ಸ್ಟ್ರೀಟಿನ 40ನೇ ನಂಬರ್ ಮನೆಯ ಹಸುಗೂಸೊಂದಕ್ಕೆ ಮೊದಲು ಬೇಧಿಯಾಗಿದ್ದು, ಅದರ ಬಟ್ಟೆ ಒಗೆದ ನೀರನ್ನು ಬಾವಿಯ ಪಕ್ಕದ ಗುಂಡಿಗೆ ಸುರಿದದ್ದು ಅವರಿಂದಲೇ ಬಯಲಾಯಿತು. ದೂರದಿಂದ ನೋಡಿದವರು ವೈದ್ಯರು, ಹತ್ತಿರದಿಂದ ಬಲ್ಲವರು ಪಾದ್ರಿಗಳು. ಇಬ್ಬರೂ ಸೇರಿದ ಮೇಲೆ ಸತ್ಯ ಪೂರ್ತಿಯಾಯಿತು.

ಇನ್ನೊಂದು ನಕ್ಷೆಯೂ ಇದೆ. ಅದು 1941ರ ಮೇ ತಿಂಗಳಿನದು, ಆಮ್‌ಸ್ಟರ್‌ಡ್ಯಾಮ್ ನಗರದ್ದು. ಹಾಲೆಂಡನ್ನು ಆಕ್ರಮಿಸಿದ್ದ ಜರ್ಮನ್ನರ ಆಜ್ಞೆಯಂತೆ ನಗರಸಭೆಯ ಅಂಕಿಅಂಶ ಇಲಾಖೆಯವರೇ ಅದನ್ನು ತಯಾರಿಸಿದರು. ಅದರಲ್ಲೂ ಕಪ್ಪು ಚುಕ್ಕೆಗಳು. ಒಂದು ಚುಕ್ಕೆ ಎಂದರೆ ಹತ್ತು ಯಹೂದಿಗಳು. ಅಲ್ಲಿನ ನಾಗರಿಕರ ದಾಖಲೆಗಳಲ್ಲಿ ಧರ್ಮದ ಕಾಲಂ ಯುದ್ಧಕ್ಕೆ ಬಹಳ ಮೊದಲಿನಿಂದಲೂ ಇತ್ತು, ಜನ ಸಹಜವಾಗಿ ಬರೆಸಿದ್ದರು. ಕಾಲಂ ಇಟ್ಟ ಗುಮಾಸ್ತರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಆದರೆ ಹಾಲೆಂಡಿನಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ನಾಜಿಗಳ ಕೈಯಲ್ಲಿ ಸತ್ತರು. ಅಚ್ಚುಕಟ್ಟಾದ ದಾಖಲೆಗಳು ಹುಡುಕುವವರ ಕೆಲಸವನ್ನು ಸುಲಭ ಮಾಡಿದವು. 1943ರ ಮಾರ್ಚ್ 27ರ ರಾತ್ರಿ ಕಲಾವಿದ ವಿಲೆಮ್ ಅರೋಂಡಿಯಸ್ ಮತ್ತು ಅವರ ಸಂಗಡಿಗರು ಆ ದಾಖಲೆಗಳ ಕಚೇರಿಗೆ ಬೆಂಕಿ ಇಟ್ಟರು. ಕಾವಲುಗಾರರನ್ನು ಕೊಲ್ಲದೆ, ನಿದ್ರೆಯ ಮದ್ದು ಚುಚ್ಚಿ ಮಲಗಿಸಿದ್ದರು. ಸುಟ್ಟದ್ದು ಒಂದು ಭಾಗ ಮಾತ್ರ. ಅರೋಂಡಿಯಸ್ ಮತ್ತು ಹಲವು ಸಂಗಡಿಗರಿಗೆ ಮರಣದಂಡನೆಯಾಯಿತು.

ಎರಡು ನಕ್ಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಮೇಲ್ನೋಟಕ್ಕೆ ಅಂಥ ವ್ಯತ್ಯಾಸವಿಲ್ಲ. ಎರಡರಲ್ಲೂ ಬೀದಿಗಳು, ಎರಡರಲ್ಲೂ ಕಪ್ಪು ಗುರುತುಗಳು. ಹತ್ತಿರ ಹೋಗಿ ನೋಡುವುದೇ ಪರಿಹಾರ ಎನ್ನುವಂತೆಯೂ ಇಲ್ಲ. ಸ್ನೋ ಕೂಡ ಬಾಗಿಲು ತಟ್ಟಿದರು, ಯಹೂದಿಗಳನ್ನು ಹಿಡಿಯಲು ಬಂದ ಪೊಲೀಸರೂ ಬಾಗಿಲು ತಟ್ಟಿದರು. ವ್ಯತ್ಯಾಸ ಇರುವುದು ನಕ್ಷೆ ಯಾವುದರ ಕಡೆ ಬೆರಳು ತೋರಿಸುತ್ತದೆ ಎಂಬಲ್ಲಿ. ಸ್ನೋ ಅವರ ಗೆರೆಗಳು ಜನರನ್ನು ಕೊಲ್ಲುತ್ತಿದ್ದ ಪಂಪನ್ನು ತೋರಿಸಿದವು. ಆಮ್‌ಸ್ಟರ್‌ಡ್ಯಾಮಿನ ಚುಕ್ಕೆಗಳು ಜನರನ್ನೇ ತೋರಿಸಿದವು. ಒಂದು ನಕ್ಷೆ ಈ ಜನರಿಗೆ ಏನಾಗುತ್ತಿದೆ ಎಂದು ಕೇಳಿತು. ಇನ್ನೊಂದು ಈ ಜನ ಎಲ್ಲಿದ್ದಾರೆ ಎಂದಷ್ಟೇ ಕೇಳಿತು.

ಇದು ಎಲ್ಲೋ ಯೂರೋಪಿನ ಮಾತು ಎಂದು ಸುಮ್ಮನಿರುವ ಹಾಗಿಲ್ಲ. ಮೇಷ್ಟ್ರ ಮನೆಯ ಗೋಡೆಯ ಮೇಲೆ ಆನ್ಸೆಲ್ ಆಡಮ್ಸ್ ಅವರ ಒಂದು ಪ್ರಸಿದ್ಧ ಛಾಯಾಚಿತ್ರದ ಪ್ರತಿ ತೂಗುತ್ತಿದೆ. ಮುಂದೆ ದೊಡ್ಡ ದೊಡ್ಡ ಬಂಡೆಗಳ ಬಯಲು, ಹಿಂದೆ ಮೌಂಟ್ ವಿಲಿಯಮ್‌ಸನ್ ಶಿಖರ, ಮೋಡದ ನಡುವಿನಿಂದ ಇಳಿಯುವ ಬೆಳಕು. ಬಂದವರೆಲ್ಲ ಅದನ್ನು ಮೆಚ್ಚುತ್ತಾರೆ. ಮೇಷ್ಟ್ರು ಮಾತ್ರ "ಕ್ಯಾಮೆರಾ ಎಲ್ಲಿ ನಿಂತಿತ್ತು ಹೇಳಿ ನೋಡೋಣ" ಎಂದು ಕೇಳುತ್ತಾರೆ. ಕ್ಯಾಮೆರಾ ನಿಂತಿದ್ದು ಕ್ಯಾಲಿಫೋರ್ನಿಯದ ಮಂಜನಾರ್‌ನಲ್ಲಿ. 1942ರ ಫೆಬ್ರವರಿಯ ಅಧ್ಯಕ್ಷರ ಆಜ್ಞೆಯ ಮೇರೆಗೆ ಪಶ್ಚಿಮ ಕರಾವಳಿಯ ಸುಮಾರು 1 ಲಕ್ಷ 20 ಸಾವಿರ ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆಗಳು. ಮಂಜನಾರ್ ಅಂಥ ಒಂದು ಶಿಬಿರ. ಅಲ್ಲಿ ಒಂದು ಕಾಲಕ್ಕೆ 10 ಸಾವಿರಕ್ಕೂ ಹೆಚ್ಚು ಜನರಿದ್ದರು.

ಯಾವ ಬೀದಿಯಲ್ಲಿ ಎಷ್ಟು ಜಪಾನಿಯರಿದ್ದಾರೆ ಎಂಬ ಲೆಕ್ಕವನ್ನು ಸೈನ್ಯಕ್ಕೆ ಕೊಟ್ಟದ್ದು ಇಲ್ಲಿನ ಜನಗಣತಿ ಇಲಾಖೆ. 2000ದಲ್ಲಿ ಆ ಇಲಾಖೆಯ ನಿರ್ದೇಶಕರೇ ಇದಕ್ಕಾಗಿ ಕ್ಷಮೆ ಕೇಳಿದರು. ಯುದ್ಧಕಾಲದಲ್ಲಿ ಕೆಲವರ ಹೆಸರು ವಿಳಾಸಗಳನ್ನೂ ಕೊಟ್ಟಿದ್ದರೆಂಬುದು 2007ರಲ್ಲಿ ಸಂಶೋಧಕರಿಂದ ಹೊರಬಿತ್ತು.

ಹಾಗೆಂದು ಆಡಮ್ಸ್ ಆ ಜನರನ್ನು ಮರೆತವರಲ್ಲ. 1943ರಲ್ಲಿ ಮಂಜನಾರ್‌ಗೆ ಹೋಗಿ ನೂರಾರು ಚಿತ್ರ ತೆಗೆದರು. ಅಲ್ಲಿನ ರೈತರು, ದಾದಿಯರು, ಶಾಲಾ ಮಕ್ಕಳ ಮುಖಗಳನ್ನು 1944ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಯುದ್ಧದ ನಡುವೆ ಅದು ಧೈರ್ಯದ ಕೆಲಸವೇ ಸರಿ. ಆದರೂ ಜನ ಗೋಡೆಗೆ ತೂಗುಹಾಕಿಕೊಂಡದ್ದು ಆ ಮುಖಗಳನ್ನಲ್ಲ, ಬೆಟ್ಟವನ್ನು. ಅದೇ ಶಿಬಿರದಲ್ಲಿ ಬಂಧಿಯಾಗಿದ್ದ ಟೋಯೋ ಮಿಯಾಟಾಕೆ ಎಂಬ ಛಾಯಾಗ್ರಾಹಕರು ಕದ್ದುಮುಚ್ಚಿ ಒಂದು ಲೆನ್ಸನ್ನು ಒಳಗೆ ತಂದು, ಮರದ ಪೆಟ್ಟಿಗೆಯ ಕ್ಯಾಮೆರಾ ಮಾಡಿಸಿಕೊಂಡು ಒಳಗಿನ ಬದುಕನ್ನು ಚಿತ್ರಿಸಿದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಮ್ಮಲ್ಲಿದೆ. ಬೆಟ್ಟ ನುಣ್ಣಗಿದ್ದರೆ ಇರಲಿ, ನೋಡುವವನು ಎಲ್ಲಿ ನಿಂತಿದ್ದಾನೆ ಎಂದೂ ಕೇಳಬೇಕು ಎಂಬುದು ಮೇಷ್ಟ್ರ ಮಾತಿನ ತಾತ್ಪರ್ಯ.

ಹಾಗಾದರೆ ಯಾರ ಎಣಿಕೆಗೂ ಸಿಕ್ಕದೆ ಇದ್ದುಬಿಡುವುದು ಕ್ಷೇಮವೇ? ನಮ್ಮ ವೃತ್ತಿಯ ಅನುಭವ ಹಾಗೆ ಹೇಳುವುದಿಲ್ಲ. ಈ ದೇಶದ ಜನಗಣತಿಯಲ್ಲಿ ಏಷ್ಯನ್ ಇಂಡಿಯನ್ ಎಂಬ ಪ್ರತ್ಯೇಕ ವರ್ಗ ಬಂದದ್ದು 1980ರಲ್ಲಿ. ಆಮೇಲೂ ಬಹಳ ವರ್ಷ ವೈದ್ಯಕೀಯ ಅಧ್ಯಯನಗಳಲ್ಲಿ ನಮ್ಮನ್ನು ಚೀನಿಯರು, ಜಪಾನಿಯರು, ಫಿಲಿಪಿನೋಗಳ ಜೊತೆ ಏಷ್ಯನ್ ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದರು. ಸರಾಸರಿ ತೆಗೆದಾಗ ನಮ್ಮ ಹೃದ್ರೋಗ ಅದರಲ್ಲಿ ಕರಗಿ ಹೋಗುತ್ತಿತ್ತು. ಮಾಂಸ ಮುಟ್ಟದ, ಸಿಗರೇಟು ಸೇದದ, ತೆಳ್ಳಗಿನ ನಲವತ್ತರ ಗಂಡಸಿಗೆ ಹೃದಯಾಘಾತವಾದಾಗ ಇಲ್ಲಿನ ವೈದ್ಯರು ಆಶ್ಚರ್ಯಪಡುತ್ತಿದ್ದರು, ನಮಗೆ ಮಾತ್ರ ಅದು ಊರಿನಿಂದ ಬರುವ ಫೋನುಗಳ ಸಾಮಾನ್ಯ ಸುದ್ದಿ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಸುತ್ತಮುತ್ತಲ ಸುಮಾರು 900 ದಕ್ಷಿಣ ಏಷ್ಯನ್ನರನ್ನೇ ಆರಿಸಿಕೊಂಡು ಒಂದು ಅಧ್ಯಯನ ಆರಂಭವಾಯಿತು. ಅದರ ಹೆಸರು ಮಸಾಲಾ! ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು 2018ರ ಕೊಲೆಸ್ಟರಾಲ್ ಸೂಚಿಗಳಲ್ಲಿ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಒಂದು ಅಂಶವೆಂದು ಸೇರಿಸಿದವು. ನಮ್ಮನ್ನು ಬೇರೆಯಾಗಿ ಎಣಿಸದಿದ್ದರೆ ಇದು ಆಗುತ್ತಿರಲಿಲ್ಲ. ಎಣಿಕೆಯಿಂದ ಮನುಷ್ಯ ಸಾಯುವುದೂ ಉಂಟು, ಎಣಿಸದೆ ಬಿಟ್ಟದ್ದರಿಂದ ಸಾಯುವುದೂ ಉಂಟು.

ನಮ್ಮ ನಾಡಿನದೇ ಒಂದು ಉದಾಹರಣೆ ಈ ಎರಡರ ನಡುವೆ ನಿಲ್ಲುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬೆಳೆ, ಕೂಲಿ, ಕಸುಬು, ಜಾತಿಗಳನ್ನೆಲ್ಲ ಬರೆದುಕೊಂಡರು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಬರೆಸಿದ್ದು ಕಂಪನಿಯ ಲಾಭಕ್ಕೆ. ಆದರೆ ಅಂದಿನ ನಮ್ಮ ರೈತ ಏನು ಬೆಳೆಯುತ್ತಿದ್ದ, ನೇಕಾರ ಎಷ್ಟು ಗಳಿಸುತ್ತಿದ್ದ ಎಂದು ಇಂದು ತಿಳಿಯಬೇಕಾದರೆ ನಾವು ಅದೇ ಪುಸ್ತಕ ತೆರೆಯಬೇಕು. ಬರೆದಿಟ್ಟದ್ದು ಮುಂದೆ ಯಾರ ಕೈಗೆ ಸಿಕ್ಕಿ ಯಾವ ಕೆಲಸಕ್ಕೆ ಬರುತ್ತದೆಂದು ಬರೆಸಿದವರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಒಳ್ಳೆಯ ಉದ್ದೇಶವೊಂದೇ ಸಾಲದು.

ನಮಗೆ ತೋಚುವ ಒಂದು ಅಳತೆಗೋಲು ಹೀಗಿದೆ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಾಗಿದ್ದಾಗ ನಮ್ಮನ್ನು ಕುಟುಂಬ ಸಮೀಕ್ಷೆಗೆಂದು ಹಳ್ಳಿಗಳಿಗೆ ಕಳುಹಿಸುತ್ತಿದ್ದರು. ನೀರು ಎಲ್ಲಿಂದ, ಮಕ್ಕಳೆಷ್ಟು, ಸತ್ತವೆಷ್ಟು ಎಂದು ಉದ್ದದ ಫಾರಂ ತುಂಬಬೇಕಿತ್ತು. ಒಬ್ಬ ಅಜ್ಜಿ ಎಲ್ಲಕ್ಕೂ ಉತ್ತರ ಕೊಟ್ಟು, "ಇದನ್ನೆಲ್ಲ ಬರ್ಕಂಡು ಹೋಗಿ ಏನ್ ಮಾಡ್ತೀರಪ್ಪ? ನಮಗೂ ಒಂದಿಷ್ಟು ಹೇಳ್ರಿ" ಎಂದರು. ಅಷ್ಟು ಸರಿಯಾದ ಪ್ರಶ್ನೆಯನ್ನು ದೊಡ್ಡ ಸಮ್ಮೇಳನಗಳಲ್ಲೂ ನಾವು ಕೇಳಿಲ್ಲ. ರೋಗಿಯ ಎಕ್ಸ್‌ರೇಯನ್ನು ನಾವು ರೋಗಿಗೇ ತೋರಿಸಿ ವಿವರಿಸುತ್ತೇವೆ. ಹಾಗೆಯೇ ಯಾವ ನಕ್ಷೆಯನ್ನು, ಯಾವ ಪಟ್ಟಿಯನ್ನು, ಯಾವ ಚಿತ್ರವನ್ನು ಅದರಲ್ಲಿರುವ ಮನುಷ್ಯನ ಎದುರಿಗೇ ಬಿಚ್ಚಿಟ್ಟು, ಇದು ಯಾತಕ್ಕಾಗಿ ಎಂದು ಅವನಿಗೇ ಹೇಳಬಲ್ಲೆವೋ ಅದು ಧರ್ಮಸಮ್ಮತ. ಸ್ನೋ ತಮ್ಮ ನಕ್ಷೆಯನ್ನು ಬ್ರಾಡ್ ಸ್ಟ್ರೀಟಿನ ಯಾವ ಮನೆಯಲ್ಲಾದರೂ ತೋರಿಸಬಹುದಿತ್ತು. ಆಮ್‌ಸ್ಟರ್‌ಡ್ಯಾಮಿನ ನಕ್ಷೆಯನ್ನು ಅದರ ಚುಕ್ಕೆಗಳಿಗೆ ತೋರಿಸುವಂತಿರಲಿಲ್ಲ.

ಇದಿಷ್ಟನ್ನೂ ಬರೆಯಲು ಒಂದು ಹತ್ತಿರದ ಕಾರಣವೂ ಇದೆ. ನಮ್ಮ ಸಂಘದ ಸದಸ್ಯರ ಹೊಸ ಡೈರೆಕ್ಟರಿಯ ಮಾತು ನಡೆಯುತ್ತಿದೆ. ಹೆಸರು, ಫೋನು, ಮಕ್ಕಳ ವಯಸ್ಸು, ಊರು ಇರಲಿ ಎಂದು ಕೆಲವರು. ಜಾತಿ, ಗೋತ್ರವೂ ಇದ್ದರೆ ಮದುವೆಯ ಮಾತುಕತೆಗೆ ಅನುಕೂಲ ಎಂದು ಇನ್ನು ಕೆಲವರು. ಊರಿನ ಹೆಸರಿದ್ದರೆ ಹೊಸದಾಗಿ ಬಂದ ದಾವಣಗೆರೆಯ ಹುಡುಗಿಗೆ ದಾವಣಗೆರೆಯವರ ಮನೆ ಸಿಗುತ್ತದೆ. ರಾತ್ರಿ ಹೊತ್ತು ಎದೆನೋವು ಬಂದ ವಯಸ್ಸಾದ ತಾಯಿಗೆ ಕನ್ನಡ ಬಲ್ಲ ಡಾಕ್ಟರು ಸಿಗುತ್ತಾರೆ. ಇವು ಪಂಪಿನ ಕಡೆ ಬೆರಳು ತೋರಿಸುವ ಕಾಲಂಗಳು. ಜಾತಿಯ ಕಾಲಂ ಯಾರ ಕಡೆ ಬೆರಳು ತೋರಿಸುತ್ತದೆ ಎಂದು ಮಾತ್ರ ಒಮ್ಮೆ ಯೋಚಿಸಬೇಕು. ಮದುವೆಗೆ ಬೇಕಾದವರು ತಾವೇ ಫೋನು ಮಾಡಿ ಕೇಳಿಕೊಳ್ಳಬಹುದು. ಎಲ್ಲರ ಮನೆಯ ಮೇಜಿನ ಮೇಲೂ ಅದು ಅಚ್ಚಾಗಿ ಕೂರಬೇಕಾಗಿಲ್ಲ ಎಂದು ನಮ್ಮ ಅಭಿಪ್ರಾಯ.

ಬೇರೆ ಅಭಿಪ್ರಾಯವುಳ್ಳವರೂ ಇದ್ದೀರಿ ಎಂದು ಬಲ್ಲೆವು. ಅವರು ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ. ಡೈರೆಕ್ಟರಿ ಅಚ್ಚಿಗೆ ಹೋಗುವ ಮೊದಲು ಪ್ರತಿಯೊಂದು ಮನೆಗೂ ಅವರವರ ಪುಟವನ್ನು ಒಮ್ಮೆ ಕಳುಹಿಸಿ ತೋರಿಸಲಿ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ಆ ಕೆಲಸಕ್ಕೆ ನಾಲ್ಕು ಶನಿವಾರ ಬೇಕಾಗಬಹುದು. ಮೇಷ್ಟ್ರು ತಾವು ಬರುವುದಾಗಿ ಆಗಲೇ ಹೇಳಿದ್ದಾರೆ, ನಾವೂ ಬರುತ್ತೇವೆ.