ದೂರವೂ ನಡುವಣ ಊರೂ

ಎರಡು ಊರುಗಳ ನಡುವಣ ದೂರವನ್ನು ಹಿಂದಿನವರು ಹರದಾರಿಗಳಿಂದಲೂ ಪಯಣದ ದಿನಗಳಿಂದಲೂ ಎಣಿಸುತ್ತಿದ್ದರು. ವಿಮಾನವು ಬಂದ ಮೇಲೆ ಗಂಟೆ ನಿಮಿಷಗಳಿಂದ ಎಣಿಸುವುದು ರೂಢಿಯಾಗಿದೆ. ಈ ಎಣಿಕೆಯಿಂದ ಮನುಷ್ಯನಿಗೆ ಲಭಿಸುವುದೇನು, ನಷ್ಟವಾಗುವುದೇನು ಎಂಬುದನ್ನು ವಿಚಾರಿಸುವುದಕ್ಕೆ ಶಿವನಸಮುದ್ರವು ತಕ್ಕ ಸ್ಥಳವಾಗಿದೆ.

ಕಾವೇರಿಯ ಮೂರು ದ್ವೀಪಗಳಲ್ಲಿ ಶ್ರೀರಂಗನಾಥನು ಪವಡಿಸಿದ್ದಾನೆ: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಿರುಚಿರಾಪಳ್ಳಿಯ ಬಳಿಯ ಶ್ರೀರಂಗದಲ್ಲಿ ಅಂತ್ಯರಂಗ. ಆದಿಯಿಂದ ಅಂತ್ಯಕ್ಕೆ ಆಕಾಶದಲ್ಲಿ ನೇರವಾಗಿ ಗೆರೆಯೆಳೆದರೆ ಅದರ ಉದ್ದ ಸುಮಾರು 280 ಕಿಲೋಮೀಟರು. ಇಂದಿನ ವಿಮಾನಕ್ಕೆ ಹೆಚ್ಚೆಂದರೆ ಒಂದು ಗಂಟೆಯ ಹಾದಿ. ಆದರೆ ಆ ಗೆರೆಯು ಮಧ್ಯರಂಗದ ಮೇಲೆ ಹಾಯುವುದಿಲ್ಲ. ಅದನ್ನು ಸುಮಾರು 20 ಕಿಲೋಮೀಟರು ಬದಿಗೆ ಬಿಟ್ಟು ಹೋಗುತ್ತದೆ. ನದಿಯಾದರೋ ಹಾಗೆ ಬಿಡಲಿಲ್ಲ. ಅದು ಬಳಸಿ ಬಂದು, ಇಲ್ಲಿ ಎರಡು ಕವಲಾಗಿ ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕಿ, ಹೊಗೇನಕಲ್ಲು, ಮೆಟ್ಟೂರು, ಭವಾನಿಗಳನ್ನು ಹಾದು, ದಾರಿಯುದ್ದಕ್ಕೂ ನೀರೂಡಿ, ಆಮೇಲೆ ಶ್ರೀರಂಗವನ್ನು ಸೇರುತ್ತದೆ.

ಹಾಗಾದರೆ ವೇಗವು ದೋಷವೆ? ಹಾಗೆನ್ನಲಾಗದು. ಮರಣಶಯ್ಯೆಯಲ್ಲಿರುವ ತಾಯಿಯ ಬಳಿಗೆ ಧಾವಿಸುವ ಮಗನಿಗೆ ಬಳಸುದಾರಿಯ ಸೊಗಸನ್ನು ಉಪದೇಶಿಸುವುದು ಕ್ರೌರ್ಯವೇ ಸರಿ. ಅವನಿಗೆ ಉಳಿದ ಒಂದೊಂದು ನಿಮಿಷವೂ ಧರ್ಮಕ್ಕೆ ಸಂದಂತೆ. ಅದೇ ನಿಮಿಷಗಳು ಮತ್ತೊಬ್ಬನಿಗೆ ಬರಿಯ ಬೇಸರವಾಗಬಹುದು. ಆದುದರಿಂದ ಕಾಲದ ಉಳಿತಾಯವು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಯಾರಿಗಾಗಿ ಉಳಿಯಿತು, ಏತಕ್ಕಾಗಿ ಉಳಿಯಿತು ಎಂಬುದೇ ಅದರ ಬೆಲೆಯನ್ನು ನಿರ್ಣಯಿಸುತ್ತದೆ.

ದೂರವನ್ನು ಗೆಲ್ಲುವ ಸಾಹಸವು ಶಿವನಸಮುದ್ರಕ್ಕೆ ಹೊಸದಲ್ಲ. 1902ನೆಯ ಇಸವಿ ಜೂನ್ 30ರಂದು ಇಲ್ಲಿಯ ಜಲಪಾತದ ಶಕ್ತಿಯು ವಿದ್ಯುತ್ತಾಗಿ, 92 ಮೈಲಿಯ ತಂತಿಯನ್ನು ಕ್ಷಣಮಾತ್ರದಲ್ಲಿ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುನ್ಮಾರ್ಗಗಳಲ್ಲೊಂದು. ಅದು ಹೆಮ್ಮೆಯ ಸಂಗತಿಯೇ. ಆದರೂ ದೂರವು ಅಳಿದದ್ದು ತಂತಿಯ ಎರಡು ತುದಿಗಳಿಗೆ ಮಾತ್ರ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿಯ ಕೆಳಗಣ ಹಳ್ಳಿಗಳು ಬಹುಕಾಲ ಎಣ್ಣೆಯ ಹಣತೆಯನ್ನೇ ನೆಚ್ಚಿಕೊಂಡಿದ್ದುವು. ಶಕ್ತಿಯು ಅವರ ತಲೆಯ ಮೇಲೆ ಹಾದುಹೋಯಿತು, ಮನೆಯೊಳಕ್ಕೆ ಬರಲಿಲ್ಲ.

ವಿಮಾನದ ಲೆಕ್ಕವೂ ಇದೇ ಬಗೆಯದು. ಬೆಂಗಳೂರಿನಿಂದ ತಿರುಚಿರಾಪಳ್ಳಿಗೆ ಒಂದು ಗಂಟೆಯ ಹಾರಾಟವೆಂದು ಹೇಳುವಾಗ ನಿಲ್ದಾಣದಿಂದ ನಿಲ್ದಾಣಕ್ಕೆ ಎಣಿಸುತ್ತಾರೆ, ಮನೆಯಿಂದ ಮನೆಗಲ್ಲ. ಮಧ್ಯರಂಗದ ಒಬ್ಬ ಗೃಹಸ್ಥನು ಅಂತ್ಯರಂಗಕ್ಕೆ ಹಾರಬೇಕಾದರೆ, ಮೊದಲು ಸುಮಾರು 130 ಕಿಲೋಮೀಟರು ಹಿಂದಕ್ಕೆ ಬೆಂಗಳೂರಿಗೆ ಹೋಗಿ, ಊರನ್ನೆಲ್ಲ ದಾಟಿ, ದೇವನಹಳ್ಳಿಯ ಬಳಿ 2008ರಲ್ಲಿ ತೆರೆದ ನಿಲ್ದಾಣದಲ್ಲಿ ಕಾದು ಕುಳಿತಿರಬೇಕು. ಆ ಒಂದು ಗಂಟೆಯು ಅವನ ಪಾಲಿಗೆ ಇಡಿಯ ಹಗಲಾಗುತ್ತದೆ.

ಮೇಲೆ ಹಾರುವವನಿಗೆ ನಡುವಣ ನಾಡು ಕಳೆಯಬೇಕಾದ ಕಾಲ. ಅಲ್ಲಿ ಬಾಳುವವನಿಗೆ ಅದು ತನ್ನ ಹೊಲ, ಮನೆ, ದೇವರು. ಬೇಗ ಹೋಗಬಲ್ಲವನು ಬೇಗ ಹೋಗಲಿ. ಆದರೆ ತಾನು ದಾಟಿದ್ದು ಬರಿಯ ದೂರವಲ್ಲ, ಜನರಿರುವ ಊರುಗಳು ಎಂಬ ಅರಿವು ಅವನಲ್ಲಿರಲಿ. ದಾರಿಗಳನ್ನು ಯೋಜಿಸುವವರಲ್ಲಂತೂ ಅದು ಇರಲೇಬೇಕು. ಮೂರು ರಂಗರನ್ನೂ ಕಾಣಬೇಕೆಂಬ ಯಾತ್ರಿಕನು ಇಂದಿಗೂ ನೇರದಾರಿಯನ್ನು ಬಿಟ್ಟು ಈ ದ್ವೀಪಕ್ಕೆ ಇಳಿದುಬರುತ್ತಾನೆ. ಅವನಿಗೆ ತಡವಾಗುತ್ತದೆ, ನಿಜ. ಮಧ್ಯರಂಗನ ದರ್ಶನವೂ ಆಗುತ್ತದೆ.