ಅಜಾತವಸ್ತುವಿನ ಗುಣದೋಷವಿಚಾರ

ಇನ್ನೂ ಹುಟ್ಟದ ವಸ್ತುವನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ನಮಗೆ ಅಧಿಕಾರವುಂಟೆ? ಅಮೆರಿಕಾ ದೇಶದ ಮೋಟಾರುಪ್ರಿಯರ ವಾದಗಳನ್ನು ನೋಡಿದರೆ ಈ ಪ್ರಶ್ನೆ ಏಳದಿರದು.

ಮಾರುವುದಕ್ಕಲ್ಲದೆ ತೋರುವುದಕ್ಕಾಗಿಯೇ ನಿರ್ಮಿಸುವ ಗಾಡಿಗೆ ‘ಕಾನ್ಸೆಪ್ಟ್ ಕಾರು’ ಎಂದು ಹೆಸರು. 1938ರಲ್ಲಿ ಹಾರ್ಲಿ ಅರ್ಲನು ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ರಚಿಸಿದ ಬ್ಯೂಕ್ ವೈ-ಜಾಬನ್ನು ಈ ವಂಶದ ಮೂಲವೆಂದು ಗಣಿಸುವರು. ಅದು ಮಾರಾಟಕ್ಕೆ ಬರಲಿಲ್ಲ. ಅರ್ಲನು ತಾನೇ ಅದನ್ನು ಓಡಿಸುತ್ತಿದ್ದನು. ಕನಸೆಂದೇ ಹೇಳಿಕೊಂಡು ಬಂದ ಕನಸು ಯಾರನ್ನೂ ವಂಚಿಸದು.

2019ರ ನವೆಂಬರಿನಲ್ಲಿ ಟೆಸ್ಲಾ ಸಂಸ್ಥೆಯು ಪ್ರದರ್ಶಿಸಿದ ‘ಸೈಬರ್‌ಟ್ರಕ್’ ಎಂಬ ಪಿಕಪ್ ಟ್ರಕ್ಕಿನ ಸಂಗತಿ ಬೇರೆ. ಬಲವಾದುದೆಂದು ಸಾರಿದ ಗಾಜು ಸಭೆಯ ಮುಂದೆಯೇ ಲೋಹದ ಗುಂಡಿನ ಪೆಟ್ಟಿಗೆ ಬಿರಿಯಿತು. ಆದರೂ 39,900 ಡಾಲರಿನ ಆರಂಭದ ಬೆಲೆಯನ್ನು ನಂಬಿ ಜನರು 100 ಡಾಲರು ಮುಂಗಡ ಕಟ್ಟಿದರು. ಗಾಡಿಗಳು ಕೈಸೇರತೊಡಗಿದುದು 2023ರ ನವೆಂಬರಿನಲ್ಲಿ. ಅಷ್ಟರಲ್ಲಿ ಬೆಲೆಯು ಬಹಳ ಏರಿತ್ತು. ನಡುವಿನ ನಾಲ್ಕು ವರ್ಷ ಕೆಲವರಿಗೆ ಅದು ಭವಿಷ್ಯದ ರಥ, ಕೆಲವರಿಗೆ ತಗಡಿನ ಪೆಟ್ಟಿಗೆ. ಹೊರೆ ಹೇರಿ ನೋಡಿದ ಗ್ರಾಹಕನೊಬ್ಬನೂ ಇರಲಿಲ್ಲ.

ನ್ಯಾಯಶಾಸ್ತ್ರವು ವಿಚಾರಕ್ಕೆ ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಹೆಸರಿಡುವುದು ಉದ್ದೇಶ, ಇಂಥದೆಂದು ನಿರೂಪಿಸುವುದು ಲಕ್ಷಣ. ಪ್ರದರ್ಶನದ ಗಾಡಿಗೆ ಇವೆರಡೇ ಉಂಟು. ರೂಪವು ಕಣ್ಣಿಗೆ ಪ್ರತ್ಯಕ್ಷವಾದುದರಿಂದ ಅದರ ವಿಷಯದಲ್ಲಿ ರುಚಿಯನ್ನು ನುಡಿದರೆ ತಪ್ಪಿಲ್ಲ. ಗುಣಕ್ಕಾದರೋ ಬಳಕೆಯೇ ಪರೀಕ್ಷೆ. ಅದಿಲ್ಲದೆ ಹೂಡಿದ ವಾದವು ಗೆಲವನ್ನೇ ಬಯಸುವ ಜಲ್ಪವಾಗುತ್ತದೆ.

ಹಾಗೆಂದು ದೋಷವೆಲ್ಲವೂ ಪ್ರೇಕ್ಷಕನದಲ್ಲ. ಬೆಲೆಯನ್ನು ನುಡಿದು ಹಣವನ್ನು ಪಡೆದೊಡನೆ ಕನಸು ಮಾತಾಗುತ್ತದೆ. ಕೊಟ್ಟ ಮಾತು ಋಣವಾಗುತ್ತದೆ. ಆದುದರಿಂದ ನೋಡುವವನಿಗೆ ತಾಳ್ಮೆಯು ಹೇಗೆ ಧರ್ಮವೋ, ತೋರುವವನಿಗೆ ಸತ್ಯವು ಹಾಗೆಯೇ ಧರ್ಮ.