ಕಾರಿನ ಹೆಸರೂ ದೇಶದ ಋಣವೂ

ಮನೆಗೊಂದು ಕಾರು ತರೋಣವೆಂದು ಮಾತು ಎದ್ದರೆ ಸಾಕು, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ನಮ್ಮ ಕುಟುಂಬಗಳಲ್ಲೂ ಒಂದು ವಾದ ಹುಟ್ಟಿಕೊಳ್ಳುತ್ತದೆ. “ನಮ್ಮ ದೇಶದ ಕಂಪನಿಯದನ್ನೇ ಕೊಳ್ಳೋಣ, ನಮ್ಮ ದುಡ್ಡು ನಮ್ಮಲ್ಲೇ ಉಳಿಯಲಿ” ಎನ್ನುತ್ತಾರೆ ತಂದೆ. “ಒಳ್ಳೆಯ ಗಾಡಿ ಯಾವುದೋ ಅದನ್ನು ತಗೊಳ್ಳೋಣ. ಇದರಲ್ಲಿ ದೇಶದ ಮಾತೇಕೆ ಅಪ್ಪಾ?” ಎನ್ನುತ್ತಾನೆ ಮಗ. ಇದು ಬರೀ ಅಂಗಡಿಬೀದಿಯ ಪ್ರಶ್ನೆಯೇ? ನಮ್ಮ ಮನಸ್ಸಾಕ್ಷಿಗೂ ಇದರಲ್ಲಿ ಕೆಲಸವಿದೆಯೇ?

ಇದೆ ಎಂದೇ ಧರ್ಮಸಭೆ ಹೇಳುತ್ತದೆ. ನಾವು ಒಂದು ವಸ್ತುವಿಗೆ ಹಣ ಕೊಡುವಾಗ ಲಾಭನಷ್ಟದ ಜೊತೆಗೆ ಒಳಿತು ಕೆಡುಕಿನ ಆಯ್ಕೆಯನ್ನೂ ಮಾಡುತ್ತೇವೆಂದು ಪೋಪ್ 16ನೆಯ ಬೆನೆಡಿಕ್ಟರು 2009ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದರು. ದೇಶಪ್ರೀತಿಯನ್ನು ಧರ್ಮೋಪದೇಶ ಗ್ರಂಥವು ನಾಲ್ಕನೆಯ ಆಜ್ಞೆಯ ಅಡಿಯಲ್ಲಿ, ತಂದೆತಾಯಿಯರಿಗೆ ಸಲ್ಲಬೇಕಾದ ಗೌರವದ ಜೊತೆಯಲ್ಲೇ ಇಟ್ಟಿದೆ. ಅದೊಂದು ಕೃತಜ್ಞತೆಯ ಋಣ. ಆದ್ದರಿಂದ ತಂದೆಯ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಆದರೆ ಆ ಋಣವನ್ನು ಕಾರಿನ ಮೇಲಿರುವ ಹೆಸರು ನೋಡಿ ತೀರಿಸಲಾದೀತೇ?

ನಮ್ಮ ಮೈಸೂರಿನ ಕಥೆಯನ್ನೇ ನೋಡೋಣ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಜಾವಾ, ಆಮೇಲೆ ಯೆಜ್ಡಿ ಎಂದರೆ ಮೈಸೂರಿನವರಿಗೆ ಮನೆಮಗನಂತೆ. ಅದರ ಹುಟ್ಟೂರು ಮಾತ್ರ ದೂರದ ಚೆಕೊಸ್ಲೊವಾಕಿಯ. ಹಾಗಿದ್ದರೂ ಅದನ್ನು ಪರದೇಶದ ಗಾಡಿಯೆಂದು ದೂರವಿಡಲು ಯಾರಿಗೂ ಮನಸ್ಸು ಬರಲಿಲ್ಲ. ನಮ್ಮವರ ಕೈಗಳು ಅದನ್ನು ಕಟ್ಟುತ್ತಿದ್ದವು, ಆ ಸಂಬಳದಿಂದ ನಮ್ಮವರ ಒಲೆಗಳು ಉರಿಯುತ್ತಿದ್ದವು.

1980ರ ದಶಕದಲ್ಲಿ ಜಪಾನಿನ ಕಂಪನಿಗಳ ಸಹಯೋಗದಿಂದ 100 ಸಿಸಿಯ ಹಗುರ ಗಾಡಿಗಳು ಬಂದವು. ಅವು ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುತ್ತಿದ್ದವು. ಜನ ಅತ್ತ ಹೊರಳಿದರು. ಬೇರೆ ತೊಂದರೆಗಳೂ ಸೇರಿಕೊಂಡು 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಮಕ್ಕಳ ಶಾಲೆಯ ಫೀಸಿಗೆಂದು ಪೆಟ್ರೋಲಿನಲ್ಲಿ ನಾಲ್ಕು ಕಾಸು ಉಳಿಸಿದ ಸಂಸಾರಸ್ಥನನ್ನು ದೇಶದ್ರೋಹಿ ಎನ್ನಲಾಗದು. ಆದರೆ ಆ ಉಳಿತಾಯದ ಬೆಲೆಯನ್ನು ಕೆಲಸ ಕಳೆದುಕೊಂಡ ಮತ್ತೊಂದು ಮನೆಯವರು ತೆತ್ತರು ಎಂಬುದನ್ನು ಮರೆಯುವುದೂ ಸರಿಯಲ್ಲ. 2018ರಲ್ಲಿ ಜಾವಾ ಹೆಸರು ಭಾರತೀಯ ಕಂಪನಿಯೊಂದರ ಮೂಲಕವೇ ಮತ್ತೆ ಮಾರುಕಟ್ಟೆಗೆ ಬಂತು. ಗಾಡಿ ತಯಾರಾದದ್ದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಯಾದವಗಿರಿಯ ಕೆಲಸ ಮರಳಲಿಲ್ಲ.

ಕಾರಿನ ವಿಷಯವೂ ಹೀಗೆಯೇ. ನಮ್ಮದೆಂದೇ ತಿಳಿದಿದ್ದ ಅಂಬಾಸಡರ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. 1983ರಲ್ಲಿ ಮಾರುತಿ ರಸ್ತೆಗಿಳಿದಾಗ ಅದರಲ್ಲಿ ಸರ್ಕಾರದ ಪಾಲೇ ದೊಡ್ಡದಾಗಿತ್ತು. ಇಂದು ದೊಡ್ಡ ಪಾಲು ಜಪಾನಿನ ಸುಜುಕಿಯದು. ಇಂಗ್ಲಿಷರ ಹೆಮ್ಮೆಯ ಜಾಗ್ವಾರ್ 2008ರಿಂದ ಟಾಟಾದವರದು. ಮೈಸೂರು–ಬೆಂಗಳೂರು ದಾರಿಯ ಬಿಡದಿಯಲ್ಲಿ 1999ರ ಕೊನೆಯಿಂದ ಟೊಯೋಟಾ ಗಾಡಿಗಳು ತಯಾರಾಗುತ್ತಿವೆ. ಬಂಡವಾಳ ಬಹುಪಾಲು ಜಪಾನಿನದು, ದುಡಿಯುವವರಲ್ಲಿ ನಮ್ಮ ನಾಡಿನ ಮಕ್ಕಳಿದ್ದಾರೆ. ಅಲ್ಲಿಯೂ 2014ರಲ್ಲಿ, ಮತ್ತೆ 2020ರಲ್ಲಿ ಲಾಕೌಟ್ ಆಗಿ ಕಾರ್ಮಿಕರು ಗೇಟಿನ ಹೊರಗೆ ನಿಲ್ಲಬೇಕಾಯಿತು. ಹಾಗಾಗಿ ‘ಇಲ್ಲಿಯೇ ತಯಾರಾದದ್ದು’ ಎಂಬ ಮಾತೊಂದೇ ಸಾಲದು. ಕಂಪನಿ ಯಾವ ದೇಶದ್ದಾದರೂ ದುಡಿದವನಿಗೆ ನ್ಯಾಯವಾದ ಕೂಲಿ ಸಿಗಬೇಕು, ಅವನ ಮಾತನ್ನು ಕೇಳುವವರಿರಬೇಕು.

ಸ್ವದೇಶಿಯನ್ನು ಕಣ್ಣುಮುಚ್ಚಿ ಹಿಡಿದರೂ ಕಷ್ಟವಿದೆ. ಹೊರಗಿನ ಗಾಡಿಗಳಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಂದು ಸ್ಕೂಟರಿಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು ಎಂಬುದು ಹಿರಿಯರಿಗೆ ನೆನಪಿದೆ. ಕೊಳ್ಳುವವನಿಗೆ ಬೇರೆ ದಾರಿಯಿಲ್ಲದಾಗ ತಯಾರಿಸುವವನಿಗೆ ಸುಧಾರಿಸುವ ಅವಸರವೂ ಇರಲಿಲ್ಲ.

ಇನ್ನೊಂದು ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳ ರೈತರು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲರು. ನಮ್ಮ ಬ್ಯಾರನ್‌ಗಳಲ್ಲಿ ಹದಗೊಂಡ ಹೊಗೆಸೊಪ್ಪು ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗಿ, ಅದರ ದೊಡ್ಡ ಪಾಲು ಹೊರದೇಶಗಳಿಗೆ ಹೋಗುತ್ತದೆ. ಆ ಬೆಳೆಯ ಒಳಿತು ಕೆಡುಕು ಬೇರೆಯೇ ಚರ್ಚೆ. ಆದರೆ “ಹೊರಗಿನ ಸರಕು ನಮಗೆ ಬೇಡ” ಎಂದು ಆ ದೇಶದವರೂ ಪಟ್ಟು ಹಿಡಿದರೆ ನಮ್ಮ ಬೇಲುಗಳನ್ನು ಕೊಳ್ಳುವವರು ಯಾರು? ಇತರರಿಂದ ನಾವು ಬಯಸುವುದನ್ನೇ ಇತರರಿಗೂ ಮಾಡಬೇಕೆಂಬ ಪ್ರಭುವಿನ ಬೋಧನೆ ಸಂತೆಯೊಳಗೂ ಸಲ್ಲುತ್ತದೆ. ದೋರನಹಳ್ಳಿಯಲ್ಲಿ ನಾವು ಹರಕೆ ಹೊರುವ ಸಂತ ಅಂತೋಣಿಯವರು ಹುಟ್ಟಿದ್ದು ಪೋರ್ಚುಗಲ್‌ನಲ್ಲಿ, ತೀರಿಕೊಂಡದ್ದು ಇಟಲಿಯಲ್ಲಿ. ಅವರು ಪರದೇಶದವರೆಂದು ನಮಗೆ ಅನ್ನಿಸಿದ್ದುಂಟೇ?

ಹಾಗಾದರೆ ಆ ತಂದೆ ಮಗ ಏನು ಮಾಡಬೇಕು? ಕಂಪನಿಯ ಹೆಸರು ಕೇಳುವ ಮೊದಲು ಈ ಗಾಡಿ ಎಲ್ಲಿ ತಯಾರಾಗಿದೆ, ಯಾರ ದುಡಿಮೆ ಇದರಲ್ಲಿದೆ ಎಂದು ವಿಚಾರಿಸಲಿ. ಬೆಲೆ, ಬಾಳಿಕೆ, ಸುರಕ್ಷತೆ ಸರಿಸಮವಾಗಿದ್ದರೆ ನಮ್ಮ ಜನರಿಗೆ ಕೆಲಸ ಕೊಡುವುದರ ಕಡೆಗೆ ಕೈ ಚಾಚಲಿ. ಹತ್ತಿರದವರ ಋಣ ಮೊದಲು ತೀರಿಸುವುದು ನ್ಯಾಯ. ಸಮವಾಗಿಲ್ಲದಿದ್ದರೆ ಹೆಂಡತಿ ಮಕ್ಕಳ ಸುರಕ್ಷತೆಯನ್ನೂ ಮನೆಯ ಸಾಲದ ಹೊರೆಯನ್ನೂ ನೋಡಿ ಬೇರೆಯದನ್ನು ಕೊಂಡರೆ ಪಾಪವೇನಿಲ್ಲ. ಪಕ್ಕದ ಮನೆಯವರ ಕಾರಿನ ಹೆಸರು ನೋಡಿ ಅವರ ದೇಶಪ್ರೀತಿಯನ್ನು ಅಳೆಯುವುದು ಬೇಡ.

ಕೊಂಡ ಮೇಲೂ ಋಣ ಮುಗಿಯುವುದಿಲ್ಲ. ಅಪ್ಪಟ ಸ್ವದೇಶಿ ಕಾರನ್ನೇ ತಂದು, ತೆರಿಗೆ ಉಳಿಸಲೆಂದು ಸುಳ್ಳು ವಿಳಾಸ ಕೊಟ್ಟು ಹೊರರಾಜ್ಯದಲ್ಲಿ ನೋಂದಾಯಿಸಿದರೆ ದೇಶಕ್ಕೆ ಏನು ಕೊಟ್ಟಂತಾಯಿತು? ಅದೇ ಹಣದಿಂದ ನಮ್ಮೂರಿನ ರಸ್ತೆಯ ಗುಂಡಿ ಮುಚ್ಚಬೇಕಲ್ಲವೇ? ತೆರಿಗೆಯನ್ನು ಪ್ರಾಮಾಣಿಕವಾಗಿ ಕಟ್ಟುವುದು, ಕುಡಿದು ಓಡಿಸದಿರುವುದು, ಊರಿನ ಮೆಕ್ಯಾನಿಕ್ಕಿಗೆ ಚೌಕಾಸಿ ಮಾಡದೆ ಕೂಲಿ ಕೊಡುವುದು, ರಾತ್ರಿ ಹೊತ್ತು ನೆರೆಮನೆಯಲ್ಲಿ ಹೆರಿಗೆ ನೋವು ಎದ್ದರೆ ಜಾತಿ ಮತ ಕೇಳದೆ ಗಾಡಿ ತೆಗೆಯುವುದು, ಇವೆಲ್ಲ ಎಲ್ಲ ಕಂಪನಿಯ ಕಾರಿನಲ್ಲೂ ಸಾಧ್ಯ. ಮನೆಮಂದಿ ಕುಳಿತು ಕಾರಿನ ಮಾತು ಆಡುವಾಗ ಇವನ್ನೂ ಒಂದಿಷ್ಟು ಮಾತಾಡಿಕೊಳ್ಳಲಿ.